ಎಂಜಲು ಮೀಡಿಯಾ: ತುಮಕೂರಿನ ಒಂದು ಕೋಶಕೃಷಿ ಪ್ರಯೋಗಾಲಯದ ಪ್ರಕರಣ

ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ಎರಡು ದಿನ ಬೆಳೆದ ಮೀಡಿಯಾವನ್ನು (ಕೋಶ ಬೆಳೆಸುವ ಪೋಷಕ ದ್ರವ) ತೆಗೆದು, ಆರೋಗ್ಯವಂತರ ರಕ್ತದಿಂದ ಬೇರ್ಪಡಿಸಿದ, ರೋಗನಿರೋಧಕ ಕೆಲಸದ ಟಿ ಜೀವಕೋಶಗಳಿಗೆ ಅರ್ಧಕ್ಕರ್ಧ ಬೆರೆಸಿ ಕೊಟ್ಟರೆ, ಟಿ ಕೋಶಗಳು ವಿಭಜನೆ ನಿಲ್ಲಿಸುತ್ತವೆ. ಆರ್ಜಿನೈನ್ ಎಂಬ ಅಮೈನೋ ಆಮ್ಲ ಸೇರಿಸಿದರೆ ಮತ್ತೆ ಚಿಗುರುತ್ತವೆ. ಮೂರು ದಾನಿಗಳ ರಕ್ತದಲ್ಲಿ ಮೂರು ಸಲವೂ ಹೀಗೇ ಬಂತು. ಗಡ್ಡೆಯ ಚಯಾಪಚಯವೇ ರೋಗನಿರೋಧಕ ಕೋಶಗಳ ಬಾಯಿಗೆ ಬೀಗ ಹಾಕುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಪ್ಪವಾದ ಪುರಾವೆ ಬೇಕಿಲ್ಲ ಅನ್ನಿಸುವಂತಿತ್ತು. ಸಮ್ಮೇಳನಕ್ಕೆ ಸಾರಲೇಖವೂ ಹೋಯಿತು. ಐದು ತಿಂಗಳ ನಂತರ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಇದು ಪಾಠಕ್ಕೆಂದು ಕಟ್ಟಿದ ಪ್ರಕರಣ. ಸಣ್ಣ ಪ್ರಯೋಗಾಲಯಗಳಲ್ಲಿ ಬಿಡಿಬಿಡಿಯಾಗಿ ಆಗುವ ಎಡವಟ್ಟುಗಳನ್ನು ಇಲ್ಲಿ ಒಂದೇ ಸೂರಿನಡಿ ತಂದಿದೆ. ಟಿ ಕೋಶಗಳ ಶೇಕಡಾವಾರು ಅಂಕಿಗಳು ಮತ್ತು ಮಾಪನದ ಓದುಗಳು ಉದಾಹರಣೆಗಾಗಿ ಇಟ್ಟವು. ವಿಧಾನ, ಸಾಂದ್ರತೆ, ತಾಪಮಾನ, ಕಿಣ್ವಗಳ ಗುಣ ಇವನ್ನು ಹಾಗೆಯೇ ಬಳಸಿಕೊಳ್ಳಬಹುದು.

ಪ್ರಯೋಗಾಲಯ

ತುಮಕೂರಿನ ಹೊರವಲಯ. ಎರಡು ಕೋಣೆ, ಒಂದು ಲ್ಯಾಮಿನಾರ್ ಹುಡ್, ಒಂದು ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್, ಒಂದು ದ್ರವ ಸಾರಜನಕದ ಕ್ಯಾನ್. ನಡೆಸುವವರು ಪೋಸ್ಟ್‌ಡಾಕ್ ಮುಗಿಸಿ ಬಂದು ಮೂರು ವರ್ಷವಾದ ಸಹಾಯಕ ಪ್ರಾಧ್ಯಾಪಕಿ. ಅವರ ಕೆಳಗೆ ಎರಡನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ, ಮೆಟ್‌ಫಾರ್ಮಿನ್ ಮೇಲೆ ಕೆಲಸ ಮಾಡುವ ಇನ್ನೊಬ್ಬ ವಿದ್ಯಾರ್ಥಿ, ಆರು ತಿಂಗಳ ಪ್ರಾಜೆಕ್ಟಿಗೆ ಬಂದ ಎಂಎಸ್ಸಿ ಹುಡುಗ. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರ ಇಲ್ಲ. ಕೋಶಗಳನ್ನು ಶೇ. 1ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ, ಐಸ್ ಪೆಟ್ಟಿಗೆಯಲ್ಲಿಟ್ಟು ಬೆಳಗಿನ ರೈಲಿಗೆ ಬೆಂಗಳೂರಿಗೆ ಒಯ್ಯಬೇಕು. ಯಂತ್ರದ ಸರದಿ ಸಿಗುವುದು ತಿಂಗಳಿಗೆ ಎರಡು ಸಲ.

ಈ ಕೊನೆಯ ಸಂಗತಿಯನ್ನು ಹಗುರವಾಗಿ ಕಾಣಬಾರದು. ಪ್ರಯೋಗ ಮಾಡಿದವರಿಗೆ ಉತ್ತರ ಸಿಗಲು ಹದಿನೈದು ದಿನ ಹಿಡಿದರೆ, ಅಷ್ಟರಲ್ಲಿ ಅದೇ ಫ್ಲಾಸ್ಕಿನಿಂದ ಮುಂದಿನ ಎರಡು ಪ್ರಯೋಗ ಆಗಿಹೋಗಿರುತ್ತವೆ. ತಪ್ಪಿಗೆ ಬಡ್ಡಿ ಬೆಳೆಯುವುದು ಹೀಗೆ.

ಪ್ರಶ್ನೆ ಮಾತ್ರ ಒಳ್ಳೆಯದೇ ಆಗಿತ್ತು. ಆರ್ಜಿನೈನ್ ಇಲ್ಲದಿದ್ದರೆ ಟಿ ಕೋಶಗಳು ಕೋಶಚಕ್ರದ ಮೊದಲ ಹಂತ ದಾಟುವುದಿಲ್ಲ, ಅವುಗಳ ಗ್ರಾಹಕದ ಸಿಡಿ3 ಜೀಟಾ ಸರಪಳಿ ಕುಂದುತ್ತದೆ. ಇದು ಎರಡು ದಶಕಗಳಿಂದ ಗೊತ್ತಿರುವ ವಿಚಾರ. ಗಡ್ಡೆಯ ಸುತ್ತ ಸೇರುವ ಮೈಲಾಯ್ಡ್ ಕೋಶಗಳು ಆರ್ಜಿನೇಸ್ ಕಿಣ್ವದಿಂದ ಆರ್ಜಿನೈನನ್ನು ಖಾಲಿ ಮಾಡುತ್ತವೆ ಎಂಬುದೂ ಗೊತ್ತು. ಕ್ಯಾನ್ಸರ್ ಕೋಶಗಳೇ ಆ ಕೆಲಸ ಮಾಡುತ್ತವೆಯೇ ಎಂದು ಇವರು ಕೇಳಿದರು.

ಮಾಡಿದ ಕ್ರಮ

ಎಚ್‌ಸಿಟಿ116 ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶ ಸಾಲಿಗೆ (ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಬಂದ ಕೋಶಗಳ ಸಂತತಿ) ಸಾಮಾನ್ಯವಾಗಿ ಮೆಕಾಯ್ 5ಎ ಮೀಡಿಯಾ ಕೊಡುತ್ತಾರೆ. ಟಿ ಕೋಶಗಳಿಗೂ ಒಂದೇ ಮೀಡಿಯಾ ಆಗಲೆಂದು ಇಲ್ಲಿ ಆರ್‌ಪಿಎಂಐ 1640ಕ್ಕೆ ಒಗ್ಗಿಸಿದ್ದರು. ಇದರಲ್ಲಿ ಲೀಟರಿಗೆ 200 ಮಿಲಿಗ್ರಾಂ ಆರ್ಜಿನೈನ್ ಇರುತ್ತದೆ, ಅಂದರೆ 1.15 ಮಿಲಿಮೋಲಾರ್. ನಮ್ಮ ರಕ್ತದ ಪ್ಲಾಸ್ಮಾದಲ್ಲಿ ಇರುವುದು ಸುಮಾರು 0.1. ಹತ್ತು ಪಟ್ಟಿಗಿಂತ ಹೆಚ್ಚು ಎಂಬ ಈ ಲೆಕ್ಕ ಆಮೇಲೆ ಕೆಲಸಕ್ಕೆ ಬರುತ್ತದೆ.

ಟಿ-75 ಫ್ಲಾಸ್ಕಿನಲ್ಲಿ ಕೋಶಗಳು ಶೇ. 80 ಹರಡಿದ ಮೇಲೆ 12 ಮಿಲಿ ಹೊಸ ಮೀಡಿಯಾ ಹಾಕಿ 48 ಗಂಟೆ ಬಿಟ್ಟರು. ತೆಗೆದ ಮೀಡಿಯಾವನ್ನು 300 ಜಿ ವೇಗದಲ್ಲಿ 5 ನಿಮಿಷ, ಮತ್ತೆ 2,000 ಜಿಯಲ್ಲಿ 10 ನಿಮಿಷ ತಿರುಗಿಸಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸಣ್ಣ ಸಣ್ಣ ಟ್ಯೂಬುಗಳಲ್ಲಿ ಮೈನಸ್ 80ಕ್ಕೆ ಇಟ್ಟರು. ಪುಸ್ತಕದಲ್ಲಿ ಇದಕ್ಕೆ ಕಂಡೀಶನ್ಡ್ ಮೀಡಿಯಾ ಎನ್ನುತ್ತಾರೆ. ಎಂಎಸ್ಸಿ ಹುಡುಗ ಡಬ್ಬಿಯ ಮೇಲೆ ‘ಎಂಜಲು’ ಎಂದು ಬರೆದಿದ್ದ. ಅದೇ ಹೆಸರು ನಿಂತಿತು. ಆ ಹೆಸರು ಎಷ್ಟು ನಿಜ ಎಂಬುದು ಅವನಿಗೂ ಆಗ ಗೊತ್ತಿರಲಿಲ್ಲ.

ನೈತಿಕ ಸಮಿತಿಯ ಒಪ್ಪಿಗೆ ಪಡೆದು ದಾನಿಯಿಂದ 10 ಮಿಲಿ ಹೆಪಾರಿನ್ ರಕ್ತ ಪಡೆದರು. ಅಷ್ಟೇ ಪಿಬಿಎಸ್ ಎಂಬ ಉಪ್ಪುದ್ರಾವಣ ಬೆರೆಸಿ 1.077 ಸಾಂದ್ರತೆಯ ಫೈಕಾಲ್ ಮೇಲೆ ಮೆಲ್ಲಗೆ ಹರಿಸಿ, 400 ಜಿಯಲ್ಲಿ 30 ನಿಮಿಷ, ಬ್ರೇಕ್ ಇಲ್ಲದೆ ತಿರುಗಿಸಿದರು. ನಡುವಿನ ಬಿಳಿ ಪದರವನ್ನು ತೆಗೆದು ಎರಡು ಸಲ ತೊಳೆದರು. ಸಿಎಫ್‌ಎಸ್‌ಇ ಬಣ್ಣ 2.5 ಮೈಕ್ರೋಮೋಲಾರ್, 37 ಡಿಗ್ರಿಯಲ್ಲಿ 10 ನಿಮಿಷ. ಸೀರಮ್ ಇರುವ ತಣ್ಣನೆಯ ಮೀಡಿಯಾ ಐದು ಪಟ್ಟು ಹಾಕಿ ಬಣ್ಣ ಹಿಡಿಯುವುದನ್ನು ನಿಲ್ಲಿಸಿದರು. ಕೋಶ ಒಂದು ಸಲ ಇಬ್ಭಾಗವಾದರೆ ಬಣ್ಣವೂ ಅರ್ಧವಾಗುತ್ತದೆ. ಎಷ್ಟು ಕೋಶಗಳು ಎಷ್ಟು ಸಲ ಒಡೆದವು ಎಂದು ಯಂತ್ರ ಅದರಿಂದ ಹೇಳುತ್ತದೆ. ತಟ್ಟೆಯ ಪ್ರತಿ ಪುಟ್ಟ ಗುಳಿಗೆ (ವೆಲ್) 1 ಲಕ್ಷ ಕೋಶ, 200 ಮೈಕ್ರೋಲೀಟರ್, ಸಿಡಿ3 ಮತ್ತು ಸಿಡಿ28 ಪ್ರತಿಕಾಯಗಳಿಂದ ಪ್ರಚೋದನೆ, 96 ಗಂಟೆ.

ಹೊಸ ಮೀಡಿಯಾದಲ್ಲಿ ಒಮ್ಮೆಯಾದರೂ ವಿಭಜನೆಯಾದ ಟಿ ಕೋಶಗಳು ಶೇ. 78. ಅರ್ಧ ಎಂಜಲು ಬೆರೆಸಿದಲ್ಲಿ ಶೇ. 11. ದಿನಕ್ಕೊಮ್ಮೆ 1 ಮಿಲಿಮೋಲಾರ್ ಆರ್ಜಿನೈನ್ ಸೇರಿಸಿದಾಗ ಶೇ. 70ಕ್ಕೆ ಮರಳಿತು. ಮೊದಲ ದಿನ ಒಮ್ಮೆ ಮಾತ್ರ ಹಾಕಿದಾಗ ಶೇ. 52ಕ್ಕೆ ನಿಂತಿತು. ಒಮ್ಮೆ ಹಾಕಿದ್ದು ಏಕೆ ಸಾಲಲಿಲ್ಲ ಎಂದು ಆಗಲೇ ಯೋಚಿಸಬೇಕಿತ್ತು. ‘ಆರ್ಜಿನೇಸ್ ತುಂಬ ಚುರುಕಾಗಿದೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋದರು.

ಯೂರಿಯಾ ಎಂದು ಕಂಡದ್ದು

ಆರ್ಜಿನೇಸ್ ಆರ್ಜಿನೈನನ್ನು ಆರ್ನಿಥಿನ್ ಮತ್ತು ಯೂರಿಯಾ ಆಗಿ ಒಡೆಯುತ್ತದೆ. ಹಾಗಾದರೆ ಎಂಜಲಿನಲ್ಲಿ ಯೂರಿಯಾ ಹೆಚ್ಚಿರಬೇಕು. ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಮಾಡಿರುವ ಡಯಾಸಿಟೈಲ್ ಮಾನಾಕ್ಸಿಮ್ ವಿಧಾನ ಕೈಯಲ್ಲೇ ಇತ್ತು. ಆಮ್ಲದಲ್ಲಿ ಬೆರೆಸಿ, ಕುದಿಯುವ ನೀರಿನಲ್ಲಿಟ್ಟು, ಬಂದ ಗುಲಾಬಿ ಕೆಂಪನ್ನು 520 ನ್ಯಾನೋಮೀಟರ್‌ನಲ್ಲಿ ಅಳೆಯುವುದು. ಬರೀ ಮೀಡಿಯಾ ಮತ್ತು ಶೇ. 10 ಸೀರಮ್: ಡೆಸಿಲೀಟರಿಗೆ 1.9 ಮಿಲಿಗ್ರಾಂ. ಇದು ಕರುವಿನ ಸೀರಮ್ಮಿನದೇ ಯೂರಿಯಾ; ಈ ಬ್ಲ್ಯಾಂಕ್ ಇಡದವರು ಮೊದಲ ಹೆಜ್ಜೆಯಲ್ಲೇ ಬೀಳುತ್ತಾರೆ, ಇವರು ಇಟ್ಟಿದ್ದರು. ಎಂಜಲು: 7.6. ವ್ಯತ್ಯಾಸ 5.7. ಮೀಡಿಯಾದ ಆರ್ಜಿನೈನ್ ಪೂರ್ತಿ ಯೂರಿಯಾ ಆದರೆ 6.9 ಬರಬೇಕು. ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ಸಾರಲೇಖ ಬರೆದದ್ದು ಆ ವಾರವೇ.

ಆದರೆ ಡಯಾಸಿಟೈಲ್ ಮಾನಾಕ್ಸಿಮ್‌ಗೆ ಯೂರಿಯಾ ಮತ್ತು ಸಿಟ್ರುಲಿನ್ ನಡುವಿನ ಭೇದ ತಿಳಿಯದು. ಎರಡರಲ್ಲೂ ಇರುವ ಯೂರೈಡೋ ಗುಂಪಿನ ಜೊತೆ ಅದು ಬಣ್ಣ ಕೊಡುತ್ತದೆ. ರೋಗಿಯ ರಕ್ತದಲ್ಲಿ ಸಿಟ್ರುಲಿನ್ ಯೂರಿಯಾದ ಮುಂದೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಇರುವುದರಿಂದ ಆಸ್ಪತ್ರೆಯಲ್ಲಿ ಈ ಭೇದ ಯಾರಿಗೂ ಬೇಕಾಗಿರಲಿಲ್ಲ. ಕೋಶಕೃಷಿಯಲ್ಲಿ ಬೇಕು. ಆರ್ಜಿನೈನ್ ಒಡೆಯುವ ಇನ್ನೊಂದು ಕಿಣ್ವವಿದೆ, ಆರ್ಜಿನೈನ್ ಡೀಇಮಿನೇಸ್. ಅದರಿಂದ ಹೊರಬರುವುದು ಸಿಟ್ರುಲಿನ್ ಮತ್ತು ಅಮೋನಿಯಾ. ಮನುಷ್ಯರ ಕೋಶಗಳಲ್ಲಿ ಆ ಕಿಣ್ವ ಇಲ್ಲ. ಇರುವುದು ಬ್ಯಾಕ್ಟೀರಿಯಾಗಳಲ್ಲಿ, ಅದರಲ್ಲೂ ಕೆಲವು ಮೈಕೋಪ್ಲಾಸ್ಮಾಗಳಲ್ಲಿ.

ಲೆಕ್ಕ ತಪ್ಪಿದ ಜಾಗ

ಅನುಮಾನ ಹುಟ್ಟಿದ್ದು ಬೇರೆ ದಾರಿಯಿಂದ. ಆರ್ಜಿನೇಸ್ ತಡೆಯುವ ನಾರ್-ನೋಹಾ ಎಂಬ ರಾಸಾಯನಿಕ ಬಂದಿತ್ತು. 0.5 ಮಿಲಿಮೋಲಾರ್ ಹಾಕಿದರೂ ಟಿ ಕೋಶಗಳು ಅಲುಗಲಿಲ್ಲ: ಶೇ. 11 ಇದ್ದದ್ದು ಶೇ. 13. ಔಷಧವೇ ಕೆಟ್ಟಿರಬಹುದು ಎಂಬುದು ಎಲ್ಲರ ಮೊದಲ ಮಾತು. ಕೆಟ್ಟಿದೆಯೋ ಇಲ್ಲವೋ ನೋಡಲು ದುಬಾರಿ ಶುದ್ಧ ಕಿಣ್ವ ಬೇಕಿಲ್ಲ. ಮನುಷ್ಯರ ಕೆಂಪು ರಕ್ತಕಣದಲ್ಲೇ ಆರ್ಜಿನೇಸ್ 1 ಇದೆ. ಫೈಕಾಲ್ ತಳದಲ್ಲಿ ಉಳಿದು ಚೆಲ್ಲುವ ಕೆಂಪು ಕಣಗಳನ್ನು ತೊಳೆದು, ನೀರಿನಲ್ಲಿ ಒಡೆದು, ಮ್ಯಾಂಗನೀಸ್ ಕ್ಲೋರೈಡ್ ಹಾಕಿ 55 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಕಿಣ್ವ ಎಚ್ಚರಗೊಳ್ಳುತ್ತದೆ. ಆ ದ್ರವದ ಮೇಲೆ ನಾರ್-ನೋಹಾ ಚೆನ್ನಾಗಿಯೇ ಕೆಲಸ ಮಾಡಿತು. ಔಷಧ ಸರಿ ಇತ್ತು. ಅದು ತಡೆಯಬೇಕಾದ ಕಿಣ್ವವೇ ಎಂಜಲಿನಲ್ಲಿರಲಿಲ್ಲ.

ಆಮೇಲೆ ಒಂದಷ್ಟು ದಿನ ಗೋಡೆಗೆ ಗುದ್ದಿದ್ದಾಯಿತು. ಕೊಳವೆಬಾವಿಯ ಗಡಸು ನೀರು ಇರಬಹುದೇ? ಮೀಡಿಯಾ ಕಟ್ಟಿದ್ದು ಬಾಟಲಿಯಲ್ಲಿ ಬಂದ ಶುದ್ಧ ನೀರಿನಲ್ಲಿ, ಹಾಗಾಗಿ ಅಲ್ಲ. ಕರೆಂಟು ಹೋಗಿ ಇನ್‌ಕ್ಯುಬೇಟರ್ ತಣ್ಣಗಾದ ರಾತ್ರಿಯೇ? ಹಾಗಿದ್ದರೆ ಹೊಸ ಮೀಡಿಯಾದ ವೆಲ್‌ಗಳೂ ಸೊರಗಬೇಕಿತ್ತು. ತುಮಕೂರಿನಂಥ ಊರಿನಲ್ಲಿ ಏನೇ ಕೆಟ್ಟರೂ ಮೊದಲು ನೀರಿನ ಮೇಲೆ, ಆಮೇಲೆ ಕರೆಂಟಿನ ಮೇಲೆ ಹಾಕುವ ಅಭ್ಯಾಸ ನಮಗಿದೆ. ಎರಡೂ ಎಷ್ಟೋ ಸಲ ತಪ್ಪಿತಸ್ಥರೇ ಆಗಿರುವುದರಿಂದ ಅಭ್ಯಾಸ ಬಿಡುವುದೂ ಕಷ್ಟ.

ದಾರಿ ತೋರಿದ್ದು ತೆಳು ಮಾಡಿ ನೋಡುವ ಪ್ರಯೋಗ. ಐದೈದು ಪಟ್ಟು ತೆಳು ಮಾಡುತ್ತ ಹೋದರು. ಶೇ. 50 ಎಂಜಲಿನಲ್ಲಿ ವಿಭಜನೆ ಶೇ. 11. ಶೇ. 10ರಲ್ಲಿ 14. ಶೇ. 2ರಲ್ಲಿ 23. ಶೇ. 0.4ರಲ್ಲಿ 41.

ಈ ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕು. ಶೇ. 10 ಎಂಜಲು ಎಂದರೆ ವೆಲ್‌ನಲ್ಲಿ ಶೇ. 90 ಹೊಸ ಮೀಡಿಯಾ. ಎಂಜಲಿನಲ್ಲಿ ಆರ್ಜಿನೈನ್ ಸೊನ್ನೆ ಎಂದೇ ಇಟ್ಟುಕೊಂಡರೂ ವೆಲ್‌ನಲ್ಲಿ 1.03 ಮಿಲಿಮೋಲಾರ್ ಇರುತ್ತದೆ, ರಕ್ತದಲ್ಲಿ ಇರುವುದಕ್ಕಿಂತ ಹತ್ತು ಪಟ್ಟು. ಅಲ್ಲಿ ಟಿ ಕೋಶ ಹಸಿಯಲು ಕಾರಣವೇ ಇಲ್ಲ. ಎಂಜಲಿನಲ್ಲಿ ಕಿಣ್ವ ಇದ್ದು ಅದು ವೆಲ್‌ನಲ್ಲೂ ಒಡೆಯುತ್ತ ಹೋಯಿತು ಎನ್ನಬಹುದು. ಆದರೆ ಕಿಣ್ವವನ್ನು ಐದು ಪಟ್ಟು ತೆಳು ಮಾಡಿದರೆ ಅದರ ವೇಗವೂ ಐದು ಪಟ್ಟು ಇಳಿಯಬೇಕು. ಮೇಲಾಗಿ ಮನುಷ್ಯರ ಆರ್ಜಿನೇಸ್ ಪಿಎಚ್ 9ರ ಮೇಲೆ ಚುರುಕು, 7.4ರಲ್ಲಿ ಮಂದ, ಆರ್ಜಿನೈನ್ ಮಿಲಿಮೋಲಾರ್‌ಗಿಂತ ಕೆಳಗಿಳಿದಂತೆ ಇನ್ನೂ ಮಂದ. ಇನ್ನೂರೈವತ್ತು ಪಟ್ಟು ತೆಳು ಮಾಡಿದ ಮೇಲೂ ಅರ್ಧದಷ್ಟು ಪರಿಣಾಮ ಉಳಿಸಿಕೊಳ್ಳುವ ವಸ್ತು ನಾಲ್ಕು ದಿನದಲ್ಲಿ ವೆಲ್ ಒಳಗೇ ಹೆಚ್ಚಾಗುತ್ತಿರಬೇಕು. ಹಾಲಿಗೆ ಎಷ್ಟು ಹನಿ ಹೆಪ್ಪು ಹಾಕಿದರೂ ಬೆಳಗಾಗುವಾಗ ಮೊಸರೇ. ಕಡಿಮೆ ಹಾಕಿದರೆ ಸ್ವಲ್ಪ ತಡ, ಅಷ್ಟೇ.

ಪಿಎಚ್‌ಡಿ ವಿದ್ಯಾರ್ಥಿನಿ ಗ್ರಾಫ್ ತೋರಿಸಿದಾಗ ಮಾರ್ಗದರ್ಶಕಿ ಕೇಳಿದ್ದು ಒಂದೇ ಪ್ರಶ್ನೆ.

“ನಮ್ಮ ಎಚ್‌ಸಿಟಿಗೆ ಮೈಕೋಪ್ಲಾಸ್ಮಾ ಟೆಸ್ಟ್ ಕೊನೆಗೆ ಯಾವಾಗ ಮಾಡಿದ್ದಮ್ಮಾ?”

“ಮಾಡಿಲ್ಲ ಮೇಡಂ. ಆಂಟಿಬಯಾಟಿಕ್ ಯಾವಾಗ್ಲೂ ಹಾಕ್ತೀವಲ್ಲ ಅಂತ…”

ಆ ಆಂಟಿಬಯಾಟಿಕ್‌ನಿಂದಲೇ ಅದು ಇಷ್ಟು ದಿನ ಅಡಗಿತ್ತು. ಪೆನಿಸಿಲಿನ್ ಕೆಡಿಸುವುದು ಕೋಶಗೋಡೆ ಕಟ್ಟುವ ಕೆಲಸವನ್ನು. ಮೈಕೋಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ. ಬೇರೆ ಬ್ಯಾಕ್ಟೀರಿಯಾ ಸಾಯುವುದರಿಂದ ಮೀಡಿಯಾ ಕದಡುವುದಿಲ್ಲ, ವಾಸನೆ ಬರುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. ಮಿಲಿಗೆ ಕೋಟಿಗಟ್ಟಲೆ ಇದ್ದರೂ ಫ್ಲಾಸ್ಕ್ ತಿಳಿಯಾಗಿಯೇ ಇರುತ್ತದೆ. ಗಾತ್ರ 0.3 ಮೈಕ್ರಾನ್ ಮತ್ತು ಅದಕ್ಕೂ ಕಡಿಮೆ, ಗೋಡೆ ಇಲ್ಲದ್ದರಿಂದ ಮೈ ಬಳುಕುತ್ತದೆ, 0.22 ಫಿಲ್ಟರ್ ಅದಕ್ಕೆ ಜರಡಿಯಲ್ಲ, ಬಾಗಿಲು.

ಮೂರು ಟ್ಯೂಬಿನ ಪರೀಕ್ಷೆ

ಮೈಕೋಪ್ಲಾಸ್ಮಾದ ಡಿಎನ್‌ಎ ಹಿಡಿಯುವ ಪಿಸಿಆರ್ ಪರೀಕ್ಷೆಗೆ ಬೇಕಾದ ಪ್ರೈಮರ್ (ಸಣ್ಣ ಡಿಎನ್‌ಎ ತುಣುಕು) ಬರಲು ವಾರ ಬೇಕಿತ್ತು. ಕಾಯದೆ, ಇರುವ ಸಾಮಾನಿನಲ್ಲೇ ಮಾಡಿದ ಪರೀಕ್ಷೆ ಈ ಪ್ರಕರಣದ ಅತ್ಯಂತ ಉಪಯುಕ್ತ ಭಾಗ.

ಎಂಜಲನ್ನು ಮೂರು ಪಾಲು ಮಾಡಿದರು. ಒಂದು ಹಾಗೆಯೇ. ಎರಡನೆಯದು 56 ಡಿಗ್ರಿಯಲ್ಲಿ 30 ನಿಮಿಷ. ಮೂರನೆಯದು 0.1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದು. ಎಲ್ಲವನ್ನೂ ಶೇ. 10ಕ್ಕೆ ತೆಳು ಮಾಡಿ ಟಿ ಕೋಶಗಳಿಗೆ ಕೊಟ್ಟರು. ಶಾಖದ ಪರೀಕ್ಷೆಯ ಸೊಗಸು ಏನೆಂದರೆ, ಆರ್ಜಿನೇಸ್ 55 ಡಿಗ್ರಿಯಲ್ಲಿ ಎಚ್ಚರಗೊಳ್ಳುವ ಕಿಣ್ವ, ಮೈಕೋಪ್ಲಾಸ್ಮಾ ಅದೇ ಶಾಖದಲ್ಲಿ ಸಾಯುವ ಜೀವಿ. ಒಂದೇ ವಾಟರ್‌ಬಾತ್ ಇಬ್ಬರು ಶಂಕಿತರನ್ನೂ ಬೇರ್ಪಡಿಸುತ್ತದೆ. ಹಾಗೆಯೇ ಕೊಟ್ಟದ್ದರಲ್ಲಿ ವಿಭಜನೆ ಶೇ. 15, ಕಾಯಿಸಿದ್ದರಲ್ಲಿ 71, 0.1ರಲ್ಲಿ ಸೋಸಿದ್ದರಲ್ಲಿ 69.

ಹಾಗೆಂದು 0.1 ಫಿಲ್ಟರನ್ನು ಶುದ್ಧೀಕರಣದ ವಿಧಾನ ಎಂದುಕೊಳ್ಳಬಾರದು. ಒತ್ತಿ ಸೋಸಿದರೆ ಕೆಲವು ದಾಟಿಯೇಬಿಡುತ್ತವೆ. ಇಲ್ಲಿ ಅದನ್ನು ಬಳಸಿದ್ದು ಪತ್ತೆಗೆ ಮಾತ್ರ.

ಯೂರಿಯಾದ ವಿಚಾರವನ್ನೂ ಇತ್ಯರ್ಥ ಮಾಡಿದರು. 100 ಮೈಕ್ರೋಲೀಟರ್ ಎಂಜಲಿಗೆ ಯೂರಿಯೇಸ್ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟು, ಆಮೇಲೆ ಡಯಾಸಿಟೈಲ್ ಮಾನಾಕ್ಸಿಮ್ ವಿಧಾನ. ಯೂರಿಯೇಸ್ ಯೂರಿಯಾವನ್ನು ನುಂಗುತ್ತದೆ, ಸಿಟ್ರುಲಿನ್ ಮುಟ್ಟುವುದಿಲ್ಲ. ಹುಟ್ಟುವ ಅಮೋನಿಯಾ ಈ ಬಣ್ಣಕ್ಕೆ ಅಡ್ಡಿಯಲ್ಲ. ಪಕ್ಕದಲ್ಲಿ ಯೂರಿಯಾ ದ್ರಾವಣ ಒಂದು, ಸಿಟ್ರುಲಿನ್ ದ್ರಾವಣ ಒಂದು ಇರಲೇಬೇಕು, ಇಲ್ಲದಿದ್ದರೆ ಯೂರಿಯೇಸ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಬರೀ ಮೀಡಿಯಾದ 1.9 ಸೊನ್ನೆಗೆ ಇಳಿಯಿತು. ಎಂಜಲಿನ 7.6 ಇಳಿದದ್ದು 5.8ಕ್ಕೆ. ಸೀರಮ್ಮಿನ ಯೂರಿಯಾ ಹೋಯಿತು, ಉಳಿದದ್ದು ಯೂರಿಯಾ ಆಗಿರಲೇ ಇಲ್ಲ. (ಸಿಟ್ರುಲಿನ್ ಬಣ್ಣದ ತೀವ್ರತೆ ಯೂರಿಯಾದಷ್ಟೇ ಇರುವುದಿಲ್ಲ, ಆದ್ದರಿಂದ ಆ 5.8ನ್ನು ಸಿಟ್ರುಲಿನ್ ಪ್ರಮಾಣ ಎಂದು ಓದಬಾರದು. ಮೊದಲ ಸಲ ಲೆಕ್ಕ ಕೂಡಿಬಂದದ್ದು ಅರ್ಧ ಕಾಕತಾಳೀಯ.)

ಇಲ್ಲಿ ಇನ್ನೊಂದು ಹಳ್ಳವಿದೆ. ಡಯಾಸಿಟೈಲ್ ಬೇಡವೆಂದು ಆಸ್ಪತ್ರೆಯ ಆಟೋಅನಲೈಸರ್‌ಗೆ ಕೊಟ್ಟರೆ, ಅದು ಯೂರಿಯೇಸ್ ಹಾಕಿ ಹುಟ್ಟಿದ ಅಮೋನಿಯಾವನ್ನು ಅಳೆಯುತ್ತದೆ. ಮೈಕೋಪ್ಲಾಸ್ಮಾ ತಾನೇ ಅಮೋನಿಯಾ ಸುರಿದಿರುತ್ತದೆ, ಗ್ಲುಟಾಮಿನ್ ಕೊಳೆತು ಬಂದದ್ದು ಬೇರೆ. ಯೂರಿಯೇಸ್ ಹಾಕದ ಬ್ಲ್ಯಾಂಕ್ ಇಲ್ಲದಿದ್ದರೆ ಅಲ್ಲೂ ‘ಯೂರಿಯಾ’ ಹೆಚ್ಚೇ ಬರುತ್ತದೆ. ಆರ್ನಿಥಿನ್ ಅಳೆದೂ ಪ್ರಯೋಜನವಿಲ್ಲ. ಮೈಕೋಪ್ಲಾಸ್ಮಾ ಸಿಟ್ರುಲಿನನ್ನು ಮುಂದಕ್ಕೆ ಒಡೆದು ಒಂದು ಎಟಿಪಿ ಗಳಿಸುವಾಗ ಆರ್ನಿಥಿನ್ ಅಲ್ಲೂ ಹುಟ್ಟುತ್ತದೆ.

ಹಿಂದಿನ ನೋಟ್‌ಬುಕ್ ತಿರುವಿದಾಗ ಇನ್ನೆರಡು ಸುಳಿವು ಸಿಕ್ಕವು. ಎಚ್‌ಸಿಟಿ116 ಸುಮಾರು 20 ಗಂಟೆಗೆ ಇಮ್ಮಡಿಸಬೇಕು, ಇಲ್ಲಿ 30 ಗಂಟೆ ಹಿಡಿಯುತ್ತಿತ್ತು. ತುಂಬಿದ ಫ್ಲಾಸ್ಕ್ ಮೂರನೇ ದಿನಕ್ಕೆ ಲ್ಯಾಕ್ಟಿಕ್ ಆಮ್ಲದಿಂದ ಹಳದಿಯಾಗಬೇಕಿತ್ತು. ‘ಇನ್ನೂ ಗುಲಾಬಿ’ ಎಂದು ಎರಡು ಕಡೆ ಬರೆದಿತ್ತು. ಕೋಶ ನಿಧಾನವಾದರೆ ಆಮ್ಲ ಕಡಿಮೆ, ಅಮೋನಿಯಾ ಇದ್ದರೆ ಪಿಎಚ್ ಮೇಲಕ್ಕೆ. ಬಣ್ಣವೊಂದರಿಂದಲೇ ತೀರ್ಮಾನ ಸಲ್ಲದು, ಆದರೆ ಚಯಾಪಚಯ ಓದುವವರು ಮೀಡಿಯಾದಲ್ಲಿರುವ ಪಿಎಚ್ ಸೂಚಕ ಫೀನಾಲ್ ರೆಡ್ ಬಣ್ಣ ನೋಡಿ ಸುಮ್ಮನಾಗುವುದೂ ಸಲ್ಲದು.

ಪ್ರೈಮರ್ ಬಂದ ಮೇಲೆ ಪಿಸಿಆರ್ ಒಂದು ಮಧ್ಯಾಹ್ನದ ಕೆಲಸ. ಎರಡು ವಾರ ಆಂಟಿಬಯಾಟಿಕ್ ಇಲ್ಲದೆ ಬೆಳೆಸಿ, ಮೂರು ದಿನ ಮೀಡಿಯಾ ಬದಲಿಸದೆ ಬಿಟ್ಟ ಫ್ಲಾಸ್ಕಿನಿಂದ 100 ಮೈಕ್ರೋಲೀಟರ್. 95 ಡಿಗ್ರಿಯಲ್ಲಿ 10 ನಿಮಿಷ, ಒಮ್ಮೆ ತಿರುಗಿಸಿ ಮೇಲಿನ 2 ಮೈಕ್ರೋಲೀಟರನ್ನು 25ರ ಮಿಶ್ರಣಕ್ಕೆ. 16ಎಸ್ ಜೀನಿನ ಪ್ರೈಮರ್ ಜೋಡಿ, 35 ಸುತ್ತು, ಶೇ. 2ರ ಅಗರೋಸ್‌ನಲ್ಲಿ ಸುಮಾರು 270 ಬೇಸ್ ಜೋಡಿಯ ಪಟ್ಟಿ. ಸೀರಮ್ ಮತ್ತು ಕೋಶದ ಕಸ ಪಿಸಿಆರ್ ಕಿಣ್ವವನ್ನೇ ತಡೆಯಬಹುದು. ಅದಕ್ಕೆ ಪ್ರತಿ ಮಾದರಿಯ ಇನ್ನೊಂದು ಟ್ಯೂಬಿಗೆ ಗೊತ್ತಿರುವ ಪಾಸಿಟಿವ್ ಡಿಎನ್‌ಎ ಚೂರು ಸೇರಿಸಬೇಕು. ಅಲ್ಲೂ ಪಟ್ಟಿ ಬರದಿದ್ದರೆ ‘ನೆಗೆಟಿವ್’ ಎಂಬುದಕ್ಕೆ ಅರ್ಥವಿಲ್ಲ. ಡಿಎನ್‌ಎಗೆ ಅಂಟುವ ಹೊಕ್ಸ್ಟ್ ಬಣ್ಣ ಹಾಕಿ ಫ್ಲೋರೆಸೆನ್ಸ್‌ನಲ್ಲಿಯೂ ನೋಡಿದರು: ಕೋಶಕೇಂದ್ರದ ಸುತ್ತ, ಬರಿದಾಗಿರಬೇಕಾದ ಕೋಶದ್ರವದ ಮೇಲೆ ರಾಗಿಹಿಟ್ಟು ಚೆಲ್ಲಿದಂತೆ ಚುಕ್ಕಿಗಳು.

ಎಚ್‌ಸಿಟಿ116 ಪಾಸಿಟಿವ್. ಪಕ್ಕದ ತಟ್ಟೆಯಲ್ಲಿದ್ದ ಎ549 ಎಂಬ ಶ್ವಾಸಕೋಶ ಕ್ಯಾನ್ಸರ್ ಸಾಲು ಪಾಸಿಟಿವ್. ಎಂಜಲು ಕೊಟ್ಟ ಟಿ ಕೋಶಗಳ ವೆಲ್ ಪಾಸಿಟಿವ್. 

ಬಂದದ್ದು ಎಲ್ಲಿಂದ

ಬ್ಯಾಂಡ್ ಅನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದಾಗ ಬಂದ ಹೆಸರು ಮೈಕೋಪ್ಲಾಸ್ಮಾ ಒರಾಲೆ. ಹೆಸರೇ ಹೇಳುವಂತೆ ಮನುಷ್ಯರ ಬಾಯಿಯದು. ಕೋಶಕೃಷಿಯನ್ನು ಕಾಡುವುದು ಬಹುಪಾಲು ಆರೇಳು ಜಾತಿಗಳೇ. ಆರ್ಜಿನಿನಿ ಮತ್ತು ಅಕೋಲಿಪ್ಲಾಸ್ಮಾ ದನದ ಸೀರಮ್ಮಿನಿಂದ, ಹಯೋರೈನಿಸ್ ಹಂದಿಯಿಂದ, ಒರಾಲೆ ಮಾತ್ರ ಹುಡ್ ಮುಂದೆ ಕೂತವರಿಂದ. ಇವುಗಳಲ್ಲಿ ಎಲ್ಲವೂ ಆರ್ಜಿನೈನ್ ತಿನ್ನುವುದಿಲ್ಲ. ಹಯೋರೈನಿಸ್ ಸಕ್ಕರೆ ತಿನ್ನುತ್ತದೆ. ಅದೇ ಬಂದಿದ್ದರೆ ಈ ಪ್ರಯೋಗಾಲಯ ಬಹುಶಃ ‘ಗ್ಲೂಕೋಸ್ ಕೊರತೆಯಿಂದ ಟಿ ಕೋಶ ಸೊರಗುತ್ತದೆ’ ಎಂಬ ಸಾರಲೇಖ ಬರೆದಿರುತ್ತಿತ್ತು.

ಒರಾಲೆ ಎಂದ ಮಾತ್ರಕ್ಕೆ ಈ ಕೋಣೆಯಲ್ಲಿ ಮಾತಾಡಿದವರೇ ಕಾರಣ ಎನ್ನಲಾಗದು. ಕೋಶಗಳು ಬಂದದ್ದು ಇನ್ನೊಂದು ಪ್ರಯೋಗಾಲಯದ ಗೆಳತಿಯಿಂದ, ಥರ್ಮಾಕೋಲ್ ಡಬ್ಬಿಯಲ್ಲಿ, ಕೈಸಾಲವಾಗಿ. ಅಲ್ಲಿಯೇ ಇತ್ತೋ, ಇಲ್ಲಿ ಬಂತೋ ಈಗ ಪತ್ತೆಯಾಗದು, ಏಕೆಂದರೆ ಬಂದ ದಿನ ಪರೀಕ್ಷೆ ಮಾಡಿರಲಿಲ್ಲ. ಎ549ಗೆ ಹೇಗೆ ಹಬ್ಬಿತು ಎಂಬುದು ಸ್ಪಷ್ಟ: ಒಂದೇ ಮೀಡಿಯಾ ಬಾಟಲಿಯಲ್ಲಿ ಎರಡೂ ಸಾಲಿಗೆ ಪಿಪೆಟ್ ಇಳಿಸುತ್ತಿದ್ದರು.

ಮೆಟ್‌ಫಾರ್ಮಿನ್ ಕೆಲಸದವನ ಪಾಡೂ ಕೆಟ್ಟಿತು. ಅವನು ಎ549 ಎಷ್ಟು ಬದುಕಿವೆ ಎಂದು ನೋಡುತ್ತಿದ್ದದ್ದು ಎಂಟಿಟಿ ಎಂಬ ಬಣ್ಣದ ಪರೀಕ್ಷೆಯಿಂದ. ಎಂಟಿಟಿ ಎಣಿಸುವುದು ಕೋಶಗಳನ್ನಲ್ಲ, ಬಣ್ಣವನ್ನು ಅಪಕರ್ಷಿಸುವ ಚಯಾಪಚಯವನ್ನು. ಮೆಟ್‌ಫಾರ್ಮಿನ್ ಮೈಟೋಕಾಂಡ್ರಿಯಾದ ಕಾಂಪ್ಲೆಕ್ಸ್ 1 ತಡೆಯುವುದರಿಂದ ಕೋಶ ಸಾಯದಿದ್ದರೂ ಓದು ಇಳಿಯಬಹುದು. ಮೈಕೋಪ್ಲಾಸ್ಮಾ ತಾನೂ ಆ ಬಣ್ಣವನ್ನು ಬದಲಿಸಬಲ್ಲದು. ಎಂಟು ತಿಂಗಳ ಐಸಿ50 (ಓದನ್ನು ಅರ್ಧಕ್ಕಿಳಿಸುವ ಔಷಧದ ಪ್ರಮಾಣ) ಕೋಷ್ಟಕ ಪೂರ್ತಿ ಪಕ್ಕಕ್ಕಿಟ್ಟು, ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರೈಪಾನ್ ಬ್ಲೂ ಬಣ್ಣದ ಎಣಿಕೆ ಜೊತೆಗಿಟ್ಟು ಮತ್ತೆ ಮೊದಲಿಂದ.

ಬಿಸಾಡಿದ್ದು, ಉಳಿಸಿದ್ದು

ಎಚ್‌ಸಿಟಿ116 ಮತ್ತು ಎ549ನ್ನು ಉಳಿಸುವ ಚರ್ಚೆಗೆ ಅರ್ಥವಿರಲಿಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಕೋಶ ಭಂಡಾರದಿಂದ ಹೊಸದಾಗಿ ತರಿಸಬಹುದಾದ ಸಾಲುಗಳಿಗೆ ಚಿಕಿತ್ಸೆ ಮಾಡುವುದು ಸಮಯದ ದಂಡ. ಫ್ಲಾಸ್ಕ್, ಮೀಡಿಯಾ, ತೆರೆದ ಟ್ರಿಪ್ಸಿನ್, ತೆರೆದ ಸೀರಮ್ ಎಲ್ಲ 121 ಡಿಗ್ರಿ ಆಟೋಕ್ಲೇವ್‌ಗೆ. ಹುಡ್ ಮತ್ತು ಇನ್‌ಕ್ಯುಬೇಟರ್ ತಟ್ಟೆಗಳಿಗೆ ಶೇ. 70 ಆಲ್ಕೋಹಾಲ್. ಇನ್‌ಕ್ಯುಬೇಟರಿನ ನೀರಿನ ತಟ್ಟೆ, ವಾಟರ್‌ಬಾತ್ ನೀರು ಬದಲು. ಉಕ್ಕಿನ ತಟ್ಟೆಗೆ ಹೈಪೋ (ಬ್ಲೀಚ್ ದ್ರಾವಣ) ಹಾಕಿ ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಒಂದು ತಟ್ಟೆ ಹಾಗೆ ಹೋಯಿತು.

ಪಾಸಿಟಿವ್ ಬಂದ ಇನ್ನೊಂದು ಸಾಲು, ರೋಗಿಯೊಬ್ಬರ ಹೊಟ್ಟೆನೀರಿನಿಂದ ಬೆಳೆಸಿದ್ದು, ಮಾತ್ರ ಮತ್ತೆ ಸಿಗುವಂಥದ್ದಲ್ಲ. ಅದಕ್ಕೆ ಸಿಪ್ರೊಫ್ಲಾಕ್ಸಾಸಿನ್, ಮಿಲಿಗೆ 10 ಮೈಕ್ರೋಗ್ರಾಂ, ಎರಡು ವಾರ, ಪ್ರತಿ ಸಲ ಮೀಡಿಯಾ ಬದಲಿಸಿದಾಗಲೂ ಹೊಸದಾಗಿ. ಈ ಚಿಕಿತ್ಸೆಯನ್ನು ಬೇರೆ ಕೋಣೆಯಲ್ಲಿ, ದಿನದ ಕೊನೆಗೆ ಮಾಡಿದರು. ಮುಗಿದ ಮೇಲೆ ಎರಡು ವಾರ ಔಷಧವಿಲ್ಲದೆ ಬೆಳೆಸಿ ಪರೀಕ್ಷೆ, ತಿಂಗಳ ನಂತರ ಮತ್ತೊಂದು. ಚಯಾಪಚಯದ ಪ್ರಯೋಗಾಲಯ ಇಲ್ಲಿ ಎರಡು ಪಟ್ಟು ಎಚ್ಚರ ವಹಿಸಬೇಕು. ಮೈಕೋಪ್ಲಾಸ್ಮಾ ಕೊಲ್ಲುವ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಮೈಟೋಕಾಂಡ್ರಿಯಾದ ಪ್ರೋಟೀನ್ ತಯಾರಿಕೆಯನ್ನೂ ತಡೆಯುತ್ತವೆ. ಚಿಕಿತ್ಸೆ ನಡೆಯುವಾಗ ಉಸಿರಾಟ ಅಳೆದರೆ ಸಿಗುವುದು ಔಷಧದ ಫಲಿತಾಂಶ.

ಕೋಶ ಕೊಟ್ಟ ಗೆಳತಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ‘ನಿಮ್ಮಿಂದ ಬಂತು’ ಎಂದು ಬರೆಯದೆ, ‘ನಮ್ಮಲ್ಲಿ ಕಂಡಿದೆ, ನೀವೂ ಒಮ್ಮೆ ನೋಡಿ’ ಎಂದು ಜೆಲ್ ಚಿತ್ರದ ಜೊತೆ ಎರಡು ಸಾಲು ಕಳಿಸಿದರು. ಗೊತ್ತಿದ್ದದ್ದೂ ಅಷ್ಟೇ. ಸಾರಲೇಖ ವಾಪಸು ಪಡೆಯುವ ಪತ್ರವನ್ನು ಮಾರ್ಗದರ್ಶಕಿ ತಮ್ಮ ಹೆಸರಿನಲ್ಲೇ ಬರೆದರು, ವಿದ್ಯಾರ್ಥಿನಿಯಿಂದ ಬರೆಸಲಿಲ್ಲ. ಇದು ಸರಿಯಾದ ಕ್ರಮ. ಪರೀಕ್ಷೆಯ ವೇಳಾಪಟ್ಟಿ ಇಡುವುದು ಪ್ರಯೋಗಾಲಯದ ಜವಾಬ್ದಾರಿ, ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್‌ನಲ್ಲಿ ಎರಡನೇ ವರ್ಷ ದೂಡುತ್ತಿರುವವಳದ್ದಲ್ಲ.

ಉಳಿದ ಪ್ರಶ್ನೆ

ಹೊಸ ಎಚ್‌ಸಿಟಿ116 ಬಂತು. ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಹೊಂದಿತು, ಪಿಸಿಆರ್ ನೆಗೆಟಿವ್, ಎರಡು ವಾರ ಪ್ರತ್ಯೇಕ. ಅದೇ ಕ್ರಮದಲ್ಲಿ ಎಂಜಲು ತೆಗೆದು ಅರ್ಧಕ್ಕರ್ಧ ಕೊಟ್ಟಾಗ ಟಿ ಕೋಶಗಳ ವಿಭಜನೆ ಶೇ. 66. ಹೊಸ ಮೀಡಿಯಾದಲ್ಲಿ 78. ವ್ಯತ್ಯಾಸ ಇದೆ, ಆದರೆ ಆರ್ಜಿನೈನ್ ಸೇರಿಸಿದರೆ ಕದಲದು. ಶೇ. 10ಕ್ಕೆ ತೆಳು ಮಾಡಿದರೆ ಮಾಯ. ಇದು ಕರಗಿರುವ ವಸ್ತುವಿನ ನಡತೆ.

ಮೀಡಿಯಾದ ಗ್ಲೂಕೋಸ್ 11 ಮಿಲಿಮೋಲಾರ್‌ನಿಂದ 3ಕ್ಕೆ ಇಳಿದಿತ್ತು. ಅಳೆಯಲು ಮೊದಲು ಗ್ಲೂಕೋಮೀಟರ್ ಬಳಸಿದರು. ಪಟ್ಟಿಗಳನ್ನು ರಕ್ತಕ್ಕೆ ಹೊಂದಿಸಿರುವುದರಿಂದ, ಕೆಂಪು ಕಣಗಳಿಲ್ಲದ ಮೀಡಿಯಾದಲ್ಲಿ ಓದು ನಂಬುವಂತಿರಲಿಲ್ಲ. ಆಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಟ್, 505 ನ್ಯಾನೋಮೀಟರ್. ಒಂದು ಗ್ಲೂಕೋಸ್‌ನಿಂದ ಎರಡು ಲ್ಯಾಕ್ಟೇಟ್ ಎಂಬ ಲೆಕ್ಕದಲ್ಲಿ 16 ಮಿಲಿಮೋಲಾರ್ ತನಕ ಲ್ಯಾಕ್ಟೇಟ್ ಇರಬಹುದು. ಆಮ್ಲಜನಕ ಇದ್ದರೂ ಗಡ್ಡೆಯ ಕೋಶ ಸಕ್ಕರೆಯನ್ನು ಹೀಗೆ ಹುದುಗಿಸುವುದನ್ನು ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಈಗ ಬಿಡಿಸಬೇಕಾದ ಗಂಟು ಮೂರು ಎಳೆಯದು: ಸಕ್ಕರೆಯ ಕೊರತೆ, ಲ್ಯಾಕ್ಟೇಟ್, ಮತ್ತು ಆಮ್ಲತೆ. ಲ್ಯಾಕ್ಟಿಕ್ ಆಮ್ಲ ಸುರಿದರೆ ಕೊನೆಯ ಎರಡೂ ಒಟ್ಟಿಗೆ ಬದಲಾಗುತ್ತವೆ. ಅದಕ್ಕೆ ನಾಲ್ಕು ವೆಲ್: ಲ್ಯಾಕ್ಟಿಕ್ ಆಮ್ಲ; ಪಿಎಚ್ 7.4ಕ್ಕೆ ತಂದ ಸೋಡಿಯಂ ಲ್ಯಾಕ್ಟೇಟ್; ಲ್ಯಾಕ್ಟಿಕ್ ಆಮ್ಲದಷ್ಟೇ ಪಿಎಚ್‌ಗೆ ಇಳಿಸುವ ಹೈಡ್ರೋಕ್ಲೋರಿಕ್ ಆಮ್ಲ; ಅಷ್ಟೇ ಸೋಡಿಯಂ ಇರುವ ಉಪ್ಪು. ಗ್ಲೂಕೋಸ್‌ಗೆ ಐದನೆಯದು. ಹೊಸ ಅಧ್ಯಾಯ ಇಲ್ಲಿಂದ ಶುರುವಾಗಿದೆ.

ಮೊದಲಿನ ಊಹೆಯಲ್ಲಿ ಒಂದು ವ್ಯಂಗ್ಯವೂ ಇತ್ತು. ಆರ್ಜಿನೈನ್ ಕಸಿದು ಕೋಶ ಹಸಿಯಿಸುವ ಆ ಡೀಇಮಿನೇಸ್ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು 1990ರಲ್ಲಿ ಮೈಕೋಪ್ಲಾಸ್ಮಾ ಹತ್ತಿದ ಕೋಶಗಳ ಮೀಡಿಯಾದಿಂದಲೇ ಶುದ್ಧಗೊಳಿಸಿ, ಅದು ಗಡ್ಡೆಯ ಕೋಶಗಳ ಬೆಳವಣಿಗೆ ತಡೆಯುತ್ತದೆ ಎಂದು ತೋರಿಸಿದರು. ತಾವೇ ಆರ್ಜಿನೈನ್ ತಯಾರಿಸಿಕೊಳ್ಳಲಾಗದ ಕೆಲವು ಕ್ಯಾನ್ಸರ್‌ಗಳ ವಿರುದ್ಧ ಅದರ ಮಾರ್ಪಡಿಸಿದ ರೂಪ ರೋಗಿಗಳಲ್ಲಿ ಪರೀಕ್ಷೆಯಾಗಿದೆ. ಅವರು ಎಂಜಲನ್ನು ಎಂಜಲೆಂದು ಗುರುತಿಸಿ ಮುಂದೆ ಹೋದರು.

ಈಗ ಆ ಕೋಣೆಯಲ್ಲಿ ತಿಂಗಳ ಮೊದಲ ಸೋಮವಾರ ಎಲ್ಲ ಫ್ಲಾಸ್ಕುಗಳಿಗೂ ಪಿಸಿಆರ್. ಪ್ರತಿ ಸಾಲಿಗೆ ಅದರದೇ ಬಾಟಲಿ, ಮುಚ್ಚಳದ ಮೇಲೆ ಬಣ್ಣದ ಟೇಪು. ಎಂಜಲು ತೆಗೆದ ದಿನವೇ ಅದರಿಂದ 100 ಮೈಕ್ರೋಲೀಟರ್ ಪರೀಕ್ಷೆಗೆ ಎತ್ತಿಡುವುದು, ಉತ್ತರ ಬರುವ ತನಕ ಟಿ ಕೋಶಕ್ಕೆ ಕೊಡದಿರುವುದು. ಹಳೆಯ ಎಚ್‌ಸಿಟಿ116 ಫ್ಲಾಸ್ಕಿನಿಂದ ಬಿಸಾಡುವ ಮೊದಲು ಕುದಿಸಿ ತೆಗೆದ ಡಿಎನ್‌ಎ 20 ಮೈಕ್ರೋಲೀಟರಿನ ಹನ್ನೆರಡು ಟ್ಯೂಬುಗಳಲ್ಲಿ ಬೇರೆ ಕೋಣೆಯ ಫ್ರೀಜರಿನಲ್ಲಿದೆ. ಪ್ರತಿ ಜೆಲ್‌ನಲ್ಲೂ ಕೊನೆಯ ಲೇನ್ ಅದರದು, ಪಾಸಿಟಿವ್ ಕಂಟ್ರೋಲ್.